ಬರೆದವರು ಮಾತಾಡಬಾರದು

ಇವತ್ತಿನ ಪಾಠ ನೋಡಿ ಮನೋಹರ್ ಸರ್ ಸಹಿ ಹಾಕಿಬಿಟ್ಟರೆ ಜೂನ್ ತಿಂಗಳಿನಿಂದ ಬೋಗಾದಿಯ ಕಾಲೇಜಿನಲ್ಲಿ ಕಥೆ ಬರೆಯುವುದನ್ನು ಕಲಿಸುವ ತರಗತಿ ತನ್ನದಾಗುತ್ತದೆ, ಹಾಕದಿದ್ದರೆ ಇಲ್ಲ. ಇಷ್ಟು ಸರಳವಾದ ಸಂಗತಿ ಬೆಳಗ್ಗೆ ಹಲ್ಲುಜ್ಜುವಾಗಿನಿಂದ ಮರ್ಲಿನ್‌ಳ ಗಂಟಲಿನಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡು, ನುಂಗಿದರೆ ಇಳಿಯದೆ, ಕ್ಯಾಕರಿಸಿದರೆ ಬಾರದೆ ಕಾಡುತ್ತಿತ್ತು. ಅಡುಗೆಮನೆಯಿಂದ ಅಮ್ಮ ಅಮಲಮೇರಿ, ಹಿಂದಿನ ಬೆಂಚಿನವರಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳು, ನೀನು ಮಾತನ್ನು ಅರ್ಧ ನುಂಗುತ್ತೀಯ ಎಂದು ಬುದ್ಧಿ ಹೇಳಿದಳು. ಅಮ್ಮನ ಪ್ರಕಾರ ಕಲಿಸುವುದೆಂದರೆ ಗಂಟಲು, ಅಷ್ಟೆ. ಭಾನುವಾರದ ಪೂಜೆ ಮುಗಿದ ಮೇಲೆ ಚರ್ಚಿನ ಹಿಂದಿನ ಕೋಣೆಯಲ್ಲಿ ಮಕ್ಕಳಿಗೆ ಧರ್ಮೋಪದೇಶ ಮಾಡುತ್ತಿದ್ದ ಕಾಲದಲ್ಲಿ ಮರ್ಲಿನ್ ಕೂಡ ಹಾಗೆಯೇ ತಿಳಿದಿದ್ದಳು. ನಮ್ಮನ್ನು ಉಂಟುಮಾಡಿದವರು ಯಾರು ಎಂದು ಇವಳು ಕೂಗಬೇಕು, ದೇವರು ಎಂದು ಮಕ್ಕಳು ಕೂಗಬೇಕು. ಪ್ರಶ್ನೆಗಿಂತ ಮೊದಲೇ ಉತ್ತರ ಬಂದು ಕೂತಿರುತ್ತಿತ್ತು, ಯಾರಿಗೂ ತೊಂದರೆ ಇರಲಿಲ್ಲ. ಕಥೆಯ ಪಾಠ ಹಾಗಲ್ಲ ಎಂದು ಈ ಒಂದು ವರ್ಷದ ಡಿಪ್ಲೊಮಾದಲ್ಲಿ ಮನೋಹರ್ ಸರ್ ಹೇಳಿಕೊಟ್ಟಿದ್ದರು. ಅಲ್ಲಿ ಕಲಿಸುವವರು ಕಡಿಮೆ ಮಾತಾಡಬೇಕು. ಬರೆದವರಂತೂ ಮಾತೇ ಆಡಬಾರದು.

ಇದು ಮನೋಹರ್ ಸರ್ ಯಾವುದೋ ದೇಶದ ಕಥಾಶಿಬಿರಕ್ಕೆ ಹೋಗಿ ಬಂದಾಗ ಹೊತ್ತು ತಂದ ನಿಯಮ. ಬರೆದವರು ತಮ್ಮ ಕಥೆಯನ್ನು ಓದುತ್ತಾರೆ, ಆಮೇಲೆ ಉಳಿದವರೆಲ್ಲ ಸುತ್ತ ಕೂತು ಅದರ ಬಗ್ಗೆ ಮಾತಾಡುತ್ತಾರೆ, ಅಷ್ಟು ಹೊತ್ತೂ ಬರೆದವರು ಬಾಯಿಗೆ ಬೀಗ ಹಾಕಿಕೊಂಡು ಕೇಳಿಸಿಕೊಳ್ಳಬೇಕು. ನಿಮ್ಮ ಕಥೆ ಮಾತಾಡಲಿ, ನೀವಲ್ಲ, ಎನ್ನುತ್ತಿದ್ದರು ಸರ್, ಮೆಲ್ಲಗೆ, ಕನ್ನಡಕದ ಮೇಲಿಂದ ನೋಡುತ್ತಾ. ಎಷ್ಟು ಚೆನ್ನಾಗಿದೆ ಎಂದು ಮರ್ಲಿನ್ ಅದನ್ನು ಮೊದಲ ದಿನವೇ ಬರೆದುಕೊಂಡಿದ್ದಳು. ಅದು ನ್ಯಾಯದ ಮಾತೂ ಹೌದಲ್ಲವೇ, ಪುಸ್ತಕ ಓದುವವರ ಮನೆಮನೆಗೆ ಹೋಗಿ ಬರೆದವರು ವಿವರಣೆ ಕೊಡಲಾಗುತ್ತದೆಯೇ? ಆದರೆ ಸುಮ್ಮನಿದ್ದವರು ಒಪ್ಪಿಕೊಂಡರು ಎಂದು ತಿಳಿಯುವ ಊರಿದು. ಇಲ್ಲಿ ಗೋಡೆಯ ಮೇಲಿನ ಹಲ್ಲಿಗಾದರೂ ಲೊಚಗುಟ್ಟುವ ಹಕ್ಕಿದೆ, ಅದು ಲೊಚಗುಟ್ಟಿದರೆ ಜಪಸರ ಹಿಡಿದು ಕೂತ ಅಮ್ಮ ಕೂಡ, ನೋಡು, ನಿಜ ಅಂತಿದೆ, ಎನ್ನುತ್ತಾಳೆ. ಇದೆಲ್ಲ ಹೊಳೆದದ್ದು ಮಾತ್ರ ಬಹಳ ತಡವಾಗಿ, ತನ್ನ ಬಾಯಿಗೇ ಬೀಗ ಬಿದ್ದ ಮೇಲೆ.

ಲಷ್ಕರ್ ಮೊಹಲ್ಲದಿಂದ ನಡೆದು ಬಂದು ಸಿಟಿ ಬಸ್‌ಸ್ಟ್ಯಾಂಡಿನಲ್ಲಿ ಬೋಗಾದಿ ಬಸ್ ಹತ್ತಿದಾಗ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮುಂದಿನ ಸ್ಟಾಪಿನಲ್ಲಿ ಸೊಪ್ಪಿನ ಚೀಲ ಹಿಡಿದ ಹೆಂಗಸೊಬ್ಬಳು ಹತ್ತಿ, ವಸಿ ಜರುಗವ್ವ ಎಂದಳು. ಮರ್ಲಿನ್ ಜರುಗಿದಳು. ಅಮ್ಮನ್ನ ವಸಿ ಜರುಗ್ಸಿ, ವಿಲ್ಸನ್‌ಗೆ ಜಾಗ ಮಾಡ್ಬೇಕು, ಎಂದಿದ್ದ ಅಪ್ಪ ಅಮಲದಾಸ್, ಚಿಕ್ಕಪ್ಪನನ್ನು ಮಣ್ಣು ಮಾಡಿದ ದಿನ ಗುಂಡಿಯ ಅಂಚಿನಲ್ಲಿ ನಿಂತುಕೊಂಡು, ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿ, ಇದೇ ರೀತಿ, ಬಸ್ಸಿನಲ್ಲಿ ಹೇಳಿದ ಹಾಗೆ. ಅವರ ಮನೆತನಕ್ಕೆ ಸಮಾಧಿಭೂಮಿಯಲ್ಲಿ ಒಂದೇ ಕುಳಿ. ಅಪ್ಪನ ತಾಯಿ, ಅಜ್ಜಿ ಲೂರ್ದಮ್ಮನನ್ನು ಮಲಗಿಸಿದ್ದ ಕುಳಿಯನ್ನೇ ವಿಲ್ಸನ್ ಚಿಕ್ಕಪ್ಪ ಸತ್ತಾಗ ಮತ್ತೆ ತೆಗೆದರು. ಅಜ್ಜಿಯದು ಏನು ಉಳಿದಿತ್ತೋ ಅದನ್ನೆಲ್ಲ ಕುಳಿ ತೋಡುವವನು ಒಂದು ಬಿಳಿ ಬಟ್ಟೆಯ ಮೇಲೆ ಇಟ್ಟುಕೊಟ್ಟ, ಅಮ್ಮ ಗಂಟು ಕಟ್ಟಿದಳು, ಫಾದರ್ ತೀರ್ಥ ಚಿಮುಕಿಸಿದರು, ಚಿಕ್ಕಪ್ಪನ ಪೆಟ್ಟಿಗೆ ಇಳಿಸಿ ಅವನ ಕಾಲ ಬದಿಗೆ ಆ ಗಂಟನ್ನು ಇಟ್ಟರು. ಯಾರೂ ಬೆಚ್ಚಲಿಲ್ಲ. ಎಲ್ಲ ಮನೆಯವರೂ ಮಾಡುವುದೇ ಹಾಗೆ. ಮದುವೆಯಾಗದೆ ಉಳಿದ ಮಗ, ದೊಡ್ಡವನಾದ ಮೇಲೂ ಅಜ್ಜಿಯ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗುತ್ತಿದ್ದವನು. ಇನ್ನು ನಮ್ಮಮ್ಮಂಗೆ ಯೋಚ್ನೆ ಇಲ್ಲ ಬುಡು, ಎಂದು ಅಪ್ಪ ಮಣ್ಣು ಹಾಕುತ್ತಾ ಹೇಳಿದ್ದು ಮರ್ಲಿನ್‌ಗೆ ಇನ್ನೂ ಕೇಳಿಸುತ್ತದೆ. ಅವನು ಅಳುತ್ತಿದ್ದ, ಸ್ವಲ್ಪ ನಗುತ್ತಲೂ ಇದ್ದ. ಇದನ್ನು ಬರೆಯದಿದ್ದರೆ ಇನ್ನೇನನ್ನು ಬರೆಯುವುದು ಎಂದು ಅವಳು ಡಿಪ್ಲೊಮಾದ ತನ್ನ ಮೊದಲ ಕಥೆಯಾಗಿ ಅದನ್ನೇ ಬರೆದಿದ್ದಳು.

ಓದಿ ಮುಗಿಸಿದ ಮೇಲೆ ಸುತ್ತ ಕೂತವರು ಶುರುಮಾಡಿದರು. ಆ ಗಂಟು ಪರಂಪರೆಯ ಭಾರದ ಸಂಕೇತ ಎಂದರು ಒಬ್ಬರು. ಇಲ್ಲ, ತಾಯ ಗರ್ಭಕ್ಕೆ ಮರಳುವ ಆಸೆಯದು ಎಂದರು ಇನ್ನೊಬ್ಬರು. ಸತ್ತವರು ಎದ್ದು ಬರುತ್ತಾರೆ ಎಂದು ನಂಬುವ ಕ್ರೈಸ್ತರು ಸಮಾಧಿಯನ್ನು ಅಗೆದು ಮೂಳೆ ತೆಗೆಯುವುದುಂಟೇ, ಲೇಖಕಿ ತಮ್ಮ ಧರ್ಮವನ್ನೇ ಸರಿಯಾಗಿ ತಿಳಿದುಕೊಂಡಿಲ್ಲ ಎಂದು ಮೂರನೆಯವರು ಬಹಳ ಮರ್ಯಾದೆಯಿಂದ ಹೇಳಿದರು. ಅಲ್ಲಿ ಕೂತವರಲ್ಲಿ ಒಬ್ಬರಾದರೂ ಆ ಸಮಾಧಿಭೂಮಿಯ ಗೇಟು ದಾಟಿದವರಲ್ಲ. ಮರ್ಲಿನ್ ಕೂತಿದ್ದಳು. ನಾಲಿಗೆಯನ್ನು ಹಲ್ಲಿನ ನಡುವೆ ಇಟ್ಟುಕೊಂಡು ಕೂತಿದ್ದಳು. ಪಾಪನಿವೇದನೆಯ ಗೂಡಿನಲ್ಲಾದರೂ ನಡುವೆ ಜಾಲರಿ ಇರುತ್ತದೆ, ಫಾದರ್ ಮುಖ ನೋಡುವುದಿಲ್ಲ, ಹೇಳಿದ್ದನ್ನು ನಂಬುತ್ತಾರೆ ಬೇರೆ. ಕೊನೆಗೆ ಮನೋಹರ್ ಸರ್, ಭಾಷೆ ಬಹಳ ಚೆನ್ನಾಗಿದೆ, ಆದರೆ ಆ ಮೂಳೆಯ ಭಾಗದಲ್ಲಿ ನಂಬಿಕೆ ಹುಟ್ಟುವುದಿಲ್ಲ, ಅದನ್ನು ತೆಗೆದರೆ ಕಥೆ ನಿಲ್ಲುತ್ತದೆ ಎಂದರು. ಅವಳು ತೆಗೆದಳು. ಆಗ ಯಾರೂ ಅವಳ ಕೈ ಹಿಡಿದು ಅಳಿಸಿರಲಿಲ್ಲ, ತಾನೇ ಕೂತು, ರಾತ್ರಿ ಊಟಕ್ಕೂ ಮೊದಲು, ಅಷ್ಟನ್ನೂ ಅಳಿಸಿದಳು. ಕಥೆ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬಂತು. ಅಪ್ಪ ಬಾಗಿಲ ಬೆಳಕಿಗೆ ಕೂತು, ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಪೂರ್ತಿ ಓದಿ, ಹಾಳೆ ತಿರುವಿ ಹಿಂದೆ ಮುಂದೆ ನೋಡಿದ.

"ಚೆನ್ನಾಗದೆ ಕಣಮ್ಮ. ವಿಲ್ಸನ್‌ನ ಒಬ್ಬನ್ನೇ ಮಲಗ್ಸಿದೀಯಲ್ಲ, ಅಮ್ಮ ಎಲ್ಲಿ?"

ಅವತ್ತಿನಿಂದ ಅವಳಿಗೆ ಆ ಸಂಚಿಕೆ ಮುಟ್ಟಲು ಮನಸ್ಸಿಲ್ಲ. ಥೂ, ಎಂಥ ಹೇಡಿ ನಾನು ಎಂದು ಎಷ್ಟೋ ಸಲ ಬೈದುಕೊಂಡಿದ್ದಾಳೆ. ಸಮಾಧಿಭೂಮಿಯವರೂ ಜಾಗ ಕೊಟ್ಟಿದ್ದ ಮುದುಕಿಯನ್ನು ಕಥೆಯಿಂದ ಹೊರಗೆ ಹಾಕಿದವಳು ತಾನು. ಬಸ್ಸು ಬೋಗಾದಿಯ ಹೊಸ ಲೇಔಟುಗಳ ಜಲ್ಲಿಯ ಧೂಳಿನಲ್ಲಿ ಕುಲುಕುತ್ತಾ ಹೋಗುವಾಗ ಸೊಪ್ಪಿನ ಹೆಂಗಸು ತೂಕಡಿಸಿ ಅವಳ ಹೆಗಲಿಗೆ ಒರಗಿದಳು. ಕೆಟ್ಟದ್ದು ಇನ್ನೂ ಒಂದಿತ್ತು. ಡಿಪ್ಲೊಮಾದವರೇ ಬಿ.ಎ. ಮಕ್ಕಳಿಗೆ ಕಲಿಸುವ ಅಭ್ಯಾಸದ ಪಾಠಗಳು ಶುರುವಾದ ಮೇಲೆ ತನಗೂ ಆ ನಿಯಮ ರುಚಿಸಿತ್ತು. ಸಿದ್ದು ಎಂಬ ಹುಡುಗ ತನ್ನ ಕಥೆಯ ಬಗ್ಗೆ ಏನೋ ಹೇಳಲು ಹೊರಟಾಗ ಇವಳು ಮೆಲ್ಲಗೆ, ಕಣ್ಣು ಮೇಲೆತ್ತಿ, ಬರೆದವರು ಮಾತಾಡಬಾರದು ಸಿದ್ದು, ಎಂದಿದ್ದಳು. ಹಾಗೆನ್ನುವಾಗ ತನ್ನ ದನಿಯಲ್ಲಿ ಮನೋಹರ್ ಸರ್ ದನಿ ಕೇಳಿ ಒಳಗೊಳಗೇ ಹಿಗ್ಗಾಗಿತ್ತು. ಕಲಿಸುವುದು ಬಂದುಬಿಟ್ಟಿತು ಅನ್ನಿಸಿತ್ತು. ಮುಂದಿನ ವಾರದಿಂದ ಸಿದ್ದು ತರಗತಿಗೆ ಬರಲಿಲ್ಲ. ಬೇರೆ ಏನು ಕಾರಣವೋ ಏನೋ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು, ಯಾರನ್ನೂ ವಿಚಾರಿಸಲಿಲ್ಲ.

ತರಗತಿಯಲ್ಲಿ ಮನೋಹರ್ ಸರ್ ಆಗಲೇ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು, ತೊಡೆಯ ಮೇಲೆ ರಟ್ಟು, ರಟ್ಟಿನ ಮೇಲೆ ಅಂಕದ ಹಾಳೆ. ಇವಳನ್ನು ನೋಡಿ ನಕ್ಕು, ಗಾಬರಿ ಬೇಡ ಎಂಬಂತೆ ಕೈ ಮಾಡಿದರು. ಒಳ್ಳೆಯ ಮನುಷ್ಯ, ಕೆಟ್ಟವರಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಹುಡುಗರು ಹುಡುಗಿಯರು ಕುರ್ಚಿಗಳನ್ನು ಸುತ್ತ ಎಳೆದುಕೊಂಡರು. ಇವತ್ತು ಓದುವ ಸರದಿ ಭಾನುಪ್ರಿಯಾಳದು. ಮೇಟಗಳ್ಳಿಯಿಂದ ಬರುವ, ಬಿ.ಎ. ಮೊದಲ ವರ್ಷದ, ಯಾವಾಗಲೂ ಬಾಗಿಲ ಹತ್ತಿರವೇ ಕೂರುವ ಹುಡುಗಿ. ಅವಳು ಎದ್ದು ನಿಂತು, ತಲೆ ಎತ್ತದೆ, ಬಿಗಿಯಾದ ದನಿಯಲ್ಲಿ ಓದಿದಳು.

ಅದು ಆಷಾಢದಲ್ಲಿ ನಡೆದ ಒಂದು ಮದುವೆಯ ಕಥೆ. ಮೂಗಯ್ಯ ಎಂಬ ಕಾರ್ಖಾನೆಯ ಕೆಲಸಗಾರ ದೊಡ್ಡ ಮಗಳು ಮಾಲಾಳ ಮದುವೆಯನ್ನು ಬೇಕೆಂದೇ ಆಷಾಢದ ಮಂಗಳವಾರ, ಬೇಕೆಂದೇ ರಾಹುಕಾಲದಲ್ಲಿ ಇಟ್ಟುಕೊಳ್ಳುತ್ತಾನೆ. ಕಲ್ಯಾಣ ಮಂಟಪದ ಮ್ಯಾನೇಜರು, ಆಷಾಢದಲ್ಲಿ ಮಂಟಪ ಕೇಳುತ್ತಾರಲ್ಲ ಎಂದು ದಂಗಾಗಿ, ತಿಥಿ ಊಟಕ್ಕಾ ಎಂದು ತಿರುಗಿ ತಿರುಗಿ ಕೇಳುತ್ತಾನೆ. ಅಜ್ಜಿ ತಿಮ್ಮಮ್ಮ ಗೊಣಗುತ್ತಾ ಗೊಣಗುತ್ತಾ ಬಿಳಿ ಸೀರೆ ಉಡುತ್ತಾಳೆ. ಬುದ್ಧನ ಮುಂದೆ, ಬಾಬಾಸಾಹೇಬರ ಫೋಟೋದ ಮುಂದೆ ಮೊಂಬತ್ತಿ ಹಚ್ಚಿ ಗಂಡು ಹೆಣ್ಣು ವಚನ ಹೇಳುತ್ತಾರೆ. ಎಲ್ಲರೂ ಊಟ ಮಾಡುತ್ತಾರೆ. ಪಾಯಸ ಸ್ವಲ್ಪ ತಳ ಹಿಡಿದಿರುತ್ತದೆ. ಸಂಜೆ ಎಲ್ಲರೂ ಮನೆಗೆ ಹೋಗುತ್ತಾರೆ. ಕಥೆ ಅಲ್ಲಿಗೆ ಮುಗಿಯಿತು, ಭಾನುಪ್ರಿಯಾ ಕೂತಳು.

ಅಮರೇಶ್ ಮೊದಲು ಕೈ ಎತ್ತಿದ. ಚೆನ್ನಾಗಿ ಓದಿಕೊಂಡ ಹುಡುಗ, ಯಾವ ಕಥೆಗೂ ಒಂದು ಸಂಕೇತ ಹುಡುಕಿಕೊಡದೆ ಬಿಡುವವನಲ್ಲ. ರಾಹುಕಾಲ ಅಂತ ಇಟ್ಟ ಮೇಲೆ ಒಂದು ಅನಾಹುತ ಆಗಲೇಬೇಕು, ಆಗದಿದ್ದರೆ ಆ ಸಂಕೇತ ವ್ಯರ್ಥ ಎಂದ. ಮದುಮಗನಿಗೆ ದಾರಿಯಲ್ಲಿ ಸಣ್ಣ ಆಕ್ಸಿಡೆಂಟಾದರೂ ಆಗಬೇಕಿತ್ತು ಎಂದಳು ಅನುಪಮಾ, ಕಥೆಗೆ ಸಹಾಯ ಮಾಡುವ ಕಾಳಜಿಯಿಂದ. ಬಿಳಿ ಸೀರೆ ವೈಧವ್ಯದ ಸೂಚನೆ, ಅದನ್ನು ಮುಂದುವರಿಸಬಹುದಿತ್ತು ಎಂದ ಇನ್ನೊಬ್ಬ. ಹೆತ್ತ ಅಪ್ಪ ಯಾರಾದರೂ ಹೀಗೆ ಮಾಡುತ್ತಾನೆಯೇ, ಈ ಪಾತ್ರದಲ್ಲಿ ನಂಬಿಕೆ ಹುಟ್ಟುವುದಿಲ್ಲ ಎಂದು ಅಮರೇಶ್ ಮತ್ತೆ ಹೇಳಿದ. ಮಾತು ಬೆಳೆಯಿತು. ಆ ಮದುವೆಯಲ್ಲಿ ಯಾರನ್ನು ಕೊಲ್ಲುವುದು, ಅಜ್ಜಿಯನ್ನೋ ಮದುಮಗನನ್ನೋ ಎಂದು ಅವರು ಕೂತು ತೀರ್ಮಾನಿಸುತ್ತಿದ್ದರು, ಭಾನುಪ್ರಿಯಾ ಕೇಳಿಸಿಕೊಳ್ಳುತ್ತಿದ್ದಳು. ಅವಳು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದಳು. ಮುಖದಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದ ಆ ಮುಖ ಮಾಡಿಕೊಳ್ಳಲು ಎಷ್ಟು ಕಷ್ಟ ಎಂಬುದು ಈ ಕೋಣೆಯಲ್ಲಿ ತನಗೊಬ್ಬಳಿಗೇ ಗೊತ್ತು ಎಂದು ಮರ್ಲಿನ್‌ಗೆ ಅನ್ನಿಸಿತು. ಹಿಂದಿನ ಸಾಲಿನಲ್ಲಿ ಮನೋಹರ್ ಸರ್ ಏನೋ ಬರೆದುಕೊಳ್ಳುತ್ತಿದ್ದರು. ಪಾಠ ಚೆನ್ನಾಗಿ ನಡೆಯುತ್ತಿತ್ತು. ಇನ್ನೊಂದು ಸ್ವಲ್ಪ ಹೊತ್ತು ಸುಮ್ಮನಿದ್ದರೆ ಸಹಿ ಬೀಳುತ್ತಿತ್ತು, ಜೂನ್ ಬರುತ್ತಿತ್ತು, ಈ ಕೋಣೆ ತನ್ನದಾಗುತ್ತಿತ್ತು. ಆಗಲಿ ನೋಡೇಬಿಡೋಣ ಎಂದುಕೊಂಡು ಅವಳು ಎದ್ದಳು.

ಇವತ್ತು ಬರೆದವರು ಮಾತಾಡಬಹುದು, ಭಾನುಪ್ರಿಯಾ, ಏನು ಹೇಳಬೇಕೋ ಹೇಳಿ, ಎಂದಳು. ಹೇಳುವಾಗ ಅವಳಿಗೆ ಸ್ವಲ್ಪ ಹೆಮ್ಮೆಯಾಯಿತು. ತಾನು ಒಬ್ಬಳ ಬಾಯಿಯ ಬೀಗ ತೆಗೆದೆ ಎಂಬ ಹೆಮ್ಮೆ. ಈಗ ಹುಡುಗಿ ಅತ್ತುಬಿಡುತ್ತಾಳೆ, ಇದೆಲ್ಲ ನಮ್ಮ ಮನೆಯಲ್ಲೇ ನಡೆದದ್ದು ಎಂದು ಬಿಡಿಸಿ ಹೇಳುತ್ತಾಳೆ, ಎಲ್ಲರೂ ತಲೆ ತಗ್ಗಿಸುತ್ತಾರೆ ಎಂದೆಲ್ಲ ಅವಳ ಮನಸ್ಸು ಆಗಲೇ ಮುಂದೆ ಓಡಿತ್ತು. ಭಾನುಪ್ರಿಯಾ ಪೆನ್ನಿನ ಮುಚ್ಚಳ ಹಾಕಿ, ಮೊದಲ ಸಲ ತಲೆ ಎತ್ತಿ ನೋಡಿದಳು.

"ನಾನ್ಯಾಕ್ ಹೇಳ್ಲಿ ಮೇಡಂ? ಇಷ್ಟೊತ್ತೂ ಎಲ್ಲಾರೂ ಹೇಳಿದ್ರು. ಒಬ್ರಾದ್ರೂ ನನ್ನ ಏನಾರ ಕೇಳಿದ್ರಾ?"

ಕೆನ್ನೆಗೆ ಬಿದ್ದ ಹಾಗಾಯಿತು ಮರ್ಲಿನ್‌ಗೆ. ಅಯ್ಯೋ, ಇಷ್ಟೇನಾ? ವರ್ಷವೆಲ್ಲ ಅವಳು ತನ್ನ ಮೌನವನ್ನೇ ಶಪಿಸುತ್ತಾ, ಅವತ್ತು ಎದ್ದು ನಿಂತು ನಮ್ಮ ಸಮಾಧಿಭೂಮಿಯಲ್ಲಿ ಹೀಗೆ ಹೀಗೆ ಮಾಡುತ್ತೇವೆ ಎಂದು ಅವರಿಗೆ ಪಾಠ ಹೇಳಬೇಕಿತ್ತು ಎಂದು ಹಲ್ಲು ಕಡಿಯುತ್ತಾ ಕಳೆದಿದ್ದಳು. ಎದ್ದು ನಿಂತು ಸಾಕ್ಷಿ ಹೇಳುವುದಕ್ಕೆ ಇದೇನು ಕೋರ್ಟೇ? ತಾನೇಕೆ ಹೇಳಬೇಕಿತ್ತು? ಅವರು ಕೇಳಬೇಕಿತ್ತು. ಆ ಗಂಟು ಏನು, ಯಾಕೆ ಕಟ್ಟಿದರು, ಅಪ್ಪ ಯಾಕೆ ನಕ್ಕ ಎಂದು ಆ ಸುತ್ತಿನಲ್ಲಿ ಒಬ್ಬರು, ಒಬ್ಬರೇ ಒಬ್ಬರು, ಕೇಳಿದ್ದರೆ ಸಾಕಿತ್ತು. ಸಿದ್ದುವನ್ನು ತಾನೂ ಕೇಳಲಿಲ್ಲ. ಅವಳಿಗೆ ತನ್ನ ಮೇಲೆ ನಾಚಿಕೆಯಾಯಿತು, ಆಮೇಲೆ ಆ ನಾಚಿಕೆಯ ಮೇಲೇ ಸಿಟ್ಟು ಬಂತು, ನಾಚಿಕೊಂಡು ಕೂತರೆ ಗಂಟೆ ಹೊಡೆದುಬಿಡುತ್ತದೆ.

ಸರಿ, ಎಂದಳು ತರಗತಿಗೆ. ಇಲ್ಲಿಂದ ಮುಂದೆ ಯಾರೂ ಏನೂ ಹೇಳುವ ಹಾಗಿಲ್ಲ. ಚೆನ್ನಾಗಿದೆ ಅನ್ನುವ ಹಾಗಿಲ್ಲ, ಚೆನ್ನಾಗಿಲ್ಲ ಅನ್ನುವ ಹಾಗಿಲ್ಲ, ಸಂಕೇತದ ಸುದ್ದಿ ಬೇಡ. ಈ ಕಥೆಯಲ್ಲಿ ನಿಮಗೆ ಗೊತ್ತಿಲ್ಲದ್ದು ಏನಿದೆಯೋ ಅದನ್ನು ಕೇಳಿ. ಗೊತ್ತಿಲ್ಲದ್ದನ್ನು ಮಾತ್ರ. ಉತ್ತರ ಹೇಳುವುದು ಬಿಡುವುದು ಭಾನುಪ್ರಿಯಾ ಇಷ್ಟ.

"ಮರ್ಲಿನ್," ಎಂದರು ಹಿಂದಿನಿಂದ ಮನೋಹರ್ ಸರ್, ಎಂದಿನ ಮೆಲುದನಿಯಲ್ಲೇ. "ನಿಯಮ."

ಎಲ್ಲರೂ ತಿರುಗಿ ನೋಡಿದರು. ಅವಳು ಮೇಜಿನ ಹಿಂದೆ ಸರಿದಳು. ಅಮ್ಮ ಬೆಳಗ್ಗೆ ಹೇಳಿದ ಗಂಟಲು ಆಗ ಎಲ್ಲಿಂದಲೋ ಬಂತು.

"ನಿಮಗೂ ಅದೇ ಸರ್. ಪ್ರಶ್ನೆ ಇದ್ರೆ ಕೇಳಿ."

ಯಾರೋ ಕಿಸಕ್ಕೆಂದು ನಕ್ಕು ಕೆಮ್ಮಿದರು. ಮನೋಹರ್ ಸರ್ ಪೆನ್ನನ್ನು ಹಾಳೆಯ ಮೇಲೆ ಅಡ್ಡ ಇಟ್ಟರು. ಆಮೇಲೆ ಬಹಳ ಹೊತ್ತು ಯಾರೂ ಏನೂ ಕೇಳಲಿಲ್ಲ. ಗೊತ್ತಿಲ್ಲದ್ದು ಎಂದರೆ ಏನು ಎಂದೇ ಆ ಮಕ್ಕಳಿಗೆ ಗೊತ್ತಿರಲಿಲ್ಲ, ಪಾಪ. ಇಷ್ಟು ವರ್ಷ ಓದಿದ್ದರೂ ಯಾವ ಪರೀಕ್ಷೆಯಲ್ಲೂ ಅದನ್ನು ಕೇಳಿರಲಿಲ್ಲ. ತಾನು ಕೆಟ್ಟೆ ಎಂದು ಮರ್ಲಿನ್ ಎಣಿಸಿದಳು. ಕೊನೆಗೆ ಅನುಪಮಾ, ಬಿಳಿ ಸೀರೆ ಯಾಕೆ ಉಡಬೇಕು, ಎಂದು ಕೇಳಿದಳು, ಈ ಸಲ ನಿಜವಾಗಿ ಕೇಳಿದಳು. ನಮ್ಮಲ್ಲಿ ಮದುವೆಗೆ ಬಿಳಿ ಉಡುತ್ತಾರೆ, ಬೌದ್ಧರು ನಾವು, ಅಜ್ಜಿಗೆ ಮಾತ್ರ ಕೆಂಪು ಅಂಚು ಬೇಕೇ ಬೇಕು ಎಂದು ಹಟ, ತಗೊಂಡಳು, ಎಂದಳು ಭಾನುಪ್ರಿಯಾ. ಆ ಕೆಂಪು ಅಂಚು ಕಥೆಯಲ್ಲಿ ಇರಲಿಲ್ಲ. ರಾಹುಕಾಲವನ್ನೇ ಯಾಕೆ ಹುಡುಕಿಕೊಂಡು ಇಟ್ಟರು ಎಂದು ಇನ್ನೊಬ್ಬ ಕೇಳಿದ. ಅಪ್ಪ ಚಿಕ್ಕವನಿದ್ದಾಗ ಊರಲ್ಲಿ ಒಳ್ಳೆ ಗಳಿಗೆ ಎಲ್ಲ ಬೇರೆಯವರಿಗೆ, ನಮಗೆ ಉಳಿದ ಗಳಿಗೆ. ಉಳಿದಿದ್ದೇ ನಮಗೆ ಒಳ್ಳೇದು ಅಂತ ತೋರಿಸಬೇಕು ಅನ್ನುತ್ತಿದ್ದ, ಎಂದಳು. ಅಮರೇಶ್ ಅಷ್ಟು ಹೊತ್ತೂ ನೆಲ ನೋಡುತ್ತಾ ಕೂತಿದ್ದ. ಅವನು ಕೈ ಎತ್ತದೆಯೇ ಕೇಳಿದ.

"ನಿಮ್ಗೆ ಭಯ ಆಗ್ಲಿಲ್ವಾ?"

ಇಷ್ಟು ಹೊತ್ತು ಪಟಪಟನೆ ಉತ್ತರ ಕೊಡುತ್ತಿದ್ದವಳ ಮುಖ ಮೊದಲ ಸಲ ಸಡಿಲವಾಯಿತು.

"ಆಯ್ತು. ಅಕ್ಕ ಆ ಮನೆ ಸೇರ್ಕಂಡು ಫೋನ್ ಮಾಡೋಗಂಟ ಅಪ್ಪ ಬಾಗ್ಲಲ್ಲೇ ನಿಂತಿದ್ದ. ಸಿಗ್ನಲ್ ಸಿಗಲ್ಲ ಒಳಗೆ ಅಂದ. ನಮ್ಮನೆ ಒಳಗೆ ಸಿಗ್ನಲ್ ಚೆನ್ನಾಗೇ ಸಿಗ್ತದೆ."

ಅದನ್ನ ಯಾಕೆ ಬರೆಯಲಿಲ್ಲ ಎಂದು ಅಮರೇಶ್ ಕೇಳಿದ. ಅದು ಆಪಾದನೆಯ ದನಿಯಾಗಿರಲಿಲ್ಲ, ತನಗೇ ಏನೋ ನಷ್ಟವಾದವನ ದನಿಯಾಗಿತ್ತು. ಅಪ್ಪ ಹೆದರಿದ ಅಂತ ನಿಮ್ಮ ಮುಂದೆ ಹೇಳಬೇಕಾಗುತ್ತಲ್ಲ, ಅದಕ್ಕೇ, ಎಂದಳು ಭಾನುಪ್ರಿಯಾ. ಆಮೇಲೆ ಹಾಳೆಯನ್ನು ಮಡಚುತ್ತಾ, ಬರೀತೀನಿ, ಎಂದಳು. ಗಂಟೆ ಹೊಡೆಯಿತು. ಕಲಿಸುವುದು ಎಂದರೆ ಇದೇ ಇರಬೇಕು, ಇದಲ್ಲದಿದ್ದರೆ ತನಗೆ ಬೇರೆಯದು ಬೇಡ ಎಂದು ಮರ್ಲಿನ್‌ಗೆ ಅನ್ನಿಸಿತು. ಅವಳಿಗೆ ತಡೆಯಲಾರದಷ್ಟು ಸಂತೋಷವಾಗಿತ್ತು, ಜೊತೆಗೆ ಕೆಟ್ಟ ಹಸಿವು.

ತಮ್ಮ ಕೋಣೆಯಲ್ಲಿ ಮನೋಹರ್ ಸರ್ ಅವಳಿಗೆ ಕುರ್ಚಿ ತೋರಿಸಿ, ಟೀ ತರಿಸಿದರು. ಅಂಕದ ಹಾಳೆ ಮೇಜಿನ ಮೇಲಿತ್ತು, ಸಹಿಯ ಜಾಗ ಖಾಲಿ. ಅವರಿಗೆ ಸಿಟ್ಟು ಬಂದಿರಲಿಲ್ಲ, ಬೇಸರವಾಗಿತ್ತು. ಈ ಬ್ಯಾಚಿನಲ್ಲಿ ನೀವೇ ಮೇಲು, ನನಗೆ ಅದರಲ್ಲಿ ಅನುಮಾನವಿಲ್ಲ ಎಂದರು. ಇವತ್ತು ನಡೆದದ್ದು ಚೆನ್ನಾಗಿಯೇ ಇತ್ತು, ಹರಟೆ ಯಾವಾಗಲೂ ಚೆನ್ನಾಗಿರುತ್ತದೆ, ಆದರೆ ಅದು ಪಾಠವಲ್ಲ. ಬರೆದವರಿಗೆ ಬಾಯಿ ಕೊಟ್ಟರೆ ನಾಳೆ ಪ್ರತಿಯೊಬ್ಬರೂ ಕಥೆ ಬಿಟ್ಟು ಕಥೆಯ ಹಿಂದಿನ ಮನೆಯ ಕಷ್ಟಸುಖವನ್ನು ಮಾರಲು ಕೂರುತ್ತಾರೆ ಎಂದರು. ಅದರಲ್ಲೂ ಒಂದಿಷ್ಟು ನಿಜವಿತ್ತು, ಮರ್ಲಿನ್ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಳು. ಮುಂದಿನ ಗುರುವಾರ ಇನ್ನೊಂದು ಸಲ ಪಾಠ ಮಾಡಿ, ನಿಯಮದ ಪ್ರಕಾರ, ನಾನು ಬಂದು ಕೂತು ಅಲ್ಲೇ ಸಹಿ ಹಾಕಿಕೊಡುತ್ತೇನೆ, ಇವತ್ತಿನದನ್ನು ಇಬ್ಬರೂ ಮರೆತುಬಿಡೋಣ, ಎಂದರು. ಹಾಗೆ ಹೇಳುವಾಗ ಅವರ ಮುಖದಲ್ಲಿ ನಿಜವಾದ ಪ್ರೀತಿ ಇತ್ತು. ಹಿಂದೆ, ಮೂಳೆಯ ಭಾಗ ತೆಗೆಯಿರಿ ಎಂದಾಗಲೂ ಇದೇ ಪ್ರೀತಿ ಇತ್ತು, ಅದಕ್ಕೇ ಅವತ್ತು ಅವಳು ಸೋತಿದ್ದಳು. ಅವಳು ಟೀ ಪೂರ್ತಿ ಕುಡಿದು, ಲೋಟವನ್ನು ಹಾಳೆಗೆ ತಾಗದ ಹಾಗೆ ದೂರ ಇಟ್ಟಳು.

"ಗುರುವಾರ ಬರ್ತೀನಿ ಸರ್. ಇದೇ ಪಾಠ ಮಾಡ್ತೀನಿ."

"ಹಾಗಾದ್ರೆ ನಾನು ಸಹಿ ಹಾಕೋಕಾಗಲ್ಲ, ಮರ್ಲಿನ್."

"ಹಾಕ್ಬೇಡಿ ಸರ್. ಅದರ ಮುಂದಿನ ಗುರುವಾರಾನೂ ಬರ್ತೀನಿ."

ಹೊರಗೆ ಕಾರಿಡಾರಿನಲ್ಲಿ ಹುಡುಗರ ಗದ್ದಲ ಕೇಳುತ್ತಿತ್ತು. ಮರ್ಲಿನ್ ಎದ್ದು ನಿಂತು, ಹೋಗದೆ, ಅವರ ಮುಖವನ್ನೇ ನೋಡುತ್ತಾ ಕಾದಳು. ಕೇಳಲಿ, ಯಾಕೆ ಎಂದು ಒಂದು ಮಾತು ಕೇಳಲಿ. ಮನೋಹರ್ ಸರ್ ಬಾಯಿ ತೆರೆದರು, ಮತ್ತೆ ಮುಚ್ಚಿದರು, ಕನ್ನಡಕ ತೆಗೆದು ಒರೆಸತೊಡಗಿದರು. ಮಾತಾಡಬಾರದೆಂದು ಅವರಿಗೆ ಯಾರೂ ಹೇಳಿರಲಿಲ್ಲ.